ಮೂವತ್ನಾಕು

ಅವ್ವ ಬಲಿ ಹೆಣದಳು.
ಸೀರಿ ದಡಿಗೆ ಹೊಂದದ ಉಳದ ಕೆಂಪು ನೂಲಿಗೆ
ನೈಲಾನ್ ಹುರಿ ಹೊಸೆದು,
ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು
ಹದಿನೆಂಟು ರಾತ್ರಿ.
ನಡುವ ಒಮ್ಮೆ ಕೇಳಿದಳು:
ಮೀನು ಎಷ್ಟು ದೊಡ್ಡದಿರ್ತೈತಿ?
ಚೆಂಡು ತಂದು ತೊಡಿಮ್ಯಾಲಿಟ್ಟೆ.
ಹಂಗಾದ್ರ ಕಣ್ಣು ಇಷ್ಟ ಸಾಕು ಅಂದು
ಅರ್ಧ ಗೇಣು ಬಿಟ್ಟಳು.

ಎಂಟು ತಂಡದ ಬಿ ಡಿವಿಜನ್ನಿನ್ಯಾಗ
ಬಲಿ ಇದ್ದದ್ದು ಬೆಟಗೇರಿ ಹುಡುಗ್ಯಾರಿಗೆ ಮಾತ್ರ,
ಅದೂ ಒಂದ.
ಬರೇ ಕಂಬದೊಳಗ ಚೆಂಡು ಹೋತೋ ಬಿಟ್ಟಿತೋ
ಜಗಳಾಡಿ ನಿರ್ಣಯ ಮಾಡಬೇಕು;
ನನ್ನ ಹಿಂದ ಸುಳ್ಳಿಗೆ ಜಾಗ ಇರಲಿಲ್ಲ.
ದೇವಸಹಾಯಂ ಸರ್ ಅಂತಿದ್ರು,
ರೈಲ್ವೆ ವರ್ಕ್‌ಶಾಪಿನ್ಯಾಗ ಮೂವತ್ತು ವರ್ಷ ಗಾಲಿ ಬಡದ ಮನಶಾ:
ಬೆನ್ನ ಹಿಂದ ಮನಿ ಐತಿ ಅಂತ ಗೊತ್ತಿದ್ರ
ಗೋಲಿ ಮುಂದಕ ಬರತಾಳ.
ಅದಕ್ಕ ನಾನು ಯಾವ ದಿಕ್ಕಿಗೋ ಬಲಿನೂ ಆ ದಿಕ್ಕಿಗೆ.
ಹಾಫ್ ಟೈಮಿಗೆ ಗಾಳೆಪ್ಪ ಬಿಚ್ಚಿ ಹೊತಗೊಂಡು ಓಡತಿದ್ದ,
ಮದವಿ ಮನಿ ಜಮಖಾನಿ ಹೊತ್ತಂಗ.

ಮೊದಲನೇದು ಹುಬ್ಬಳ್ಳಿ ರೈಲ್ವೆ ಕಾಲನಿ. ಒಂಬತ್ತು.
ಪ್ಯಾಸೆಂಜರ್ ಗಾಡ್ಯಾಗ ವಾಪಸ್ ಬರುವಾಗ
ಅಣ್ಣಿಗೇರಿ ತನಕ ಯಾರೂ ಮಾತಾಡಲಿಲ್ಲ.
ಅಲ್ಲಿ ಶೇಂಗಾ ಮಾರಾಂವ ಹತ್ತಿ
ಆಟ ಏನಾತವ್ವಾ ಅಂದ.
ಎಸ್ತೇರ್ ನಕ್ಕಳು. ಎಲ್ಲಾರೂ ನಕ್ವಿ.
ಹುಲಕೋಟಿ ದಾಟಿದರೂ ನಗಿ ನಿಂದ್ರಲಿಲ್ಲ.

ನವಲಗುಂದ ಆರು. ಎರಿ ನೆಲ,
ಇಬ್ಬನಿಗೆ ಬೂಟಿಗೆಲ್ಲ ಹೊಲ ಮೆತ್ತಿತ್ತು.
ಲಕ್ಷ್ಮೇಶ್ವರ ನಾಕು.
ಧಾರವಾಡ ಐದು; ನೋಡಾಕ ಬಂದಾವ ಒಬ್ಬ
ಪ್ರತಿ ಸಲ "ಪಾಪ" ಅಂತಿದ್ದ,
ಅದು ಚೆಂಡಿಗಿಂತ ಜೋರ ಬಡೀತಿತ್ತು.
ರಾಣೆಬೆನ್ನೂರು ಮೂರು.
ಹಾವೇರಿಯಾಗ ಎರಡೆರಡು. ಒಂದು ಅಂಕ!
ಹೊಳಿಯವ್ವ ಏಲಕ್ಕಿ ಮಾಲಿ ಕೊಂಡು ಸರ್ ಕೊರಳಿಗೆ ಹಾಕಾಕ ಹೋದಳು,
ತಲಿ ಹಿಡೀಲಿಲ್ಲ,
ಫೋಟೋಕ್ಕ ಹಾಕೂವಂಥದ್ದು.

ಪ್ರತಿ ಸಲ ಬಗ್ಗಿ ಚೆಂಡು ಬಿಡಿಸುವಾಗ
ಮೂಗಿಗೆ ಅವ್ವನ ಗಂಜಿ ವಾಸನಿ.
ಬೆರಳಿಗೆ ಗೊತ್ತು,
ಯಾವ ಗಂಟು ಕರೆಂಟು ಹೋದಾಗ ಹಾಕಿದ್ದು,
ಯಾವುದು ಸಿಟ್ಟಿನ್ಯಾಗ.
ಒಳಗಿಂದಷ್ಟ ನೋಡಿದ್ದೆ ಅದನ್ನ.

ಕಡೀ ಆಟ ಕೇಶ್ವಾಪುರ.
ಮೊದಲ ಅರ್ಧಕ್ಕ ಎರಡು ಬಿಟ್ಟಿದ್ದೆ.
ಗಾಳೆಪ್ಪ ಮಿರ್ಚಿ ತರಾಕ ಹೋದಾವ ಬರಲೇ ಇಲ್ಲ,
ರೆಫರಿ ಸೀಟಿ ಊದಿದ,
ಬಲಿ ಅತ್ತಲಾಗ ಉಳೀತು.
ನನ್ನ ಹಿಂದ ಬರೇ ಗಾಳಿ,
ಅದರ ಹಿಂದ ಗೂಡ್ಸ್ ಗಾಡಿ.
ಮಮತಾಜ್ ನದಾಫ್ ಒಂದು. ಮತ್ತ ಮಮತಾಜ್.
ಇನ್ನ ಎರಡು ಮಿನಿಟ ಅನ್ನೂದರಾಗ ಎಸ್ತೇರ್,
ಮಿಶನ್ ದವಾಖಾನಿಯಾಗ ರಾತ್ರಿ ಪಾಳಿ ಮುಗಿಸಿ ಸೀದಾ ಬಂದಾಕಿ,
ನಿದ್ದಿಗಣ್ಣಾಗ ಒದ್ದದ್ದು.
ಅಷ್ಟು ದೂರದಿಂದ ಕಂಡೆ:
ಬಲಿ ಹಿಂದಕ ಉಬ್ಬಿತು,
ಕೆಂಪು ನೂಲು ಬಿಸಲಿಗೆ ಬಂತು,
ಇಡೀ ಒಂದು ಸೀರಿ ಯಾರೋ ಝಾಡಿಸಿದಂಗ.
ಎಲ್ಲಾರೂ ಓಡಿದ್ರು.
ನಾನು ನಿಂತಬಿಟ್ಟೆ.

ಪಟ್ಟಿಯಾಗ ಏಳನೇದು.
ಕಡೀ ಎರಡು ತಂಡ ಕೆಳಗಿಳೀಬೇಕು ಅಂತ ನಿಯಮ.
ಸೆಕ್ರೆಟರಿ ಚಷ್ಮಾ ಏರಿಸಿ ಪುಸ್ತಕ ತಿರುವಿ ತಿರುವಿ ಅಂದ್ರು:
ಸಿ ಡಿವಿಜನ್ ಇನ್ನೂ ಹುಟ್ಟಿಲ್ಲರೀ,
ಇಲ್ಲೇ ಇರ್ರಿ.

ಅವ್ವ ಬಲಿ ಅಂಗಳದಾಗ ಹಾಸಿ
ಒಂದೊಂದ ಕಣ್ಣಿಗೆ ಬೆರಳು ಹಾಕಿ ಜಗ್ಗಿದಳು.
ಎಷ್ಟು ಬಿದ್ವು?
ಮೂವತ್ತೊಂದು ಅಂದೆ, ತಲಿ ಎತ್ತದ.
ಮೂವತ್ತೊಂದು ಬಿದ್ರೂ
ಒಂದ ಗಂಟು ಸಡಲಿಲ್ಲ ನೋಡ, ಅಂದಳು
ಓಣಿಗೆ ಕೇಳೂವಂಗ.
ತಡಿಯವ್ವಾ, ಅಂದೆ,
ಮೂವತ್ನಾಕು.